ದೊಡ್ಡ ಹವಳದ ಅಕ್ವೇರಿಯಂಗೆ ಸಂಪ್: ಕೈ ಹೋಗುವ ಜಾಗದಿಂದಲೇ ನಕ್ಷೆ ಶುರುವಾಗಲಿ

ಪ್ರಶ್ನೆ: ಮೈಸೂರಿನ ನಮ್ಮ ಸ್ವಂತ ಮನೆಯ ನೆಲಮಹಡಿಯಲ್ಲಿ 180 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಹವಳದ ಅಕ್ವೇರಿಯಂ ಇಡಬೇಕೆಂದಿದ್ದೇನೆ. ಈ ಮೊದಲು ಆರು ವರ್ಷ ಮೂರು ಅಡಿಯ ತೊಟ್ಟಿಯನ್ನು ನೋಡಿಕೊಂಡಿದ್ದೇನೆ. ಅದರ ಸಂಪ್, ಅಂದರೆ ನೀರು ಇಳಿದು ಸೋಸಿ ಮತ್ತೆ ಮೇಲೇರಲು ಕೆಳಗೆ ಇಡುವ ಎರಡನೆಯ ತೊಟ್ಟಿ, ಅದನ್ನು ತೊಳೆಯುವ ಕೆಲಸವೊಂದೇ ನನ್ನನ್ನು ಹೈರಾಣು ಮಾಡಿದ್ದು. ಹೊಸದಕ್ಕೆ ಗಾಜಿನ ಕೆಲಸದವರು ಆರು ಕೋಣೆಗಳ ಸಂಪಿನ ನಕ್ಷೆ ಕೊಟ್ಟಿದ್ದಾರೆ. ಅದರಲ್ಲಿ ಪಾಚಿಗೆ ಒಂದು ಕೋಣೆ, ದಪ್ಪ ಮರಳಿಗೆ ಒಂದು ಕೋಣೆ, ಗುಳ್ಳೆ ತಡೆಯಲು ಒತ್ತೊತ್ತಾಗಿ ಮೂರು ಅಡ್ಡಗಾಜುಗಳು ಇವೆ. ಇದಕ್ಕೆಂದು ನಾನು ಕೊಡಬಲ್ಲದ್ದು ವಾರಕ್ಕೆ ಒಂದು ಗಂಟೆ. ಸುಲಭವಾಗಿ ನಿಭಾಯಿಸಬಹುದಾದ ಸಂಪ್ ಹೇಗಿರಬೇಕು?

ಉತ್ತರ: ನಿಮ್ಮ ನಕ್ಷೆಯಲ್ಲಿ ನೀರಿಗೆ ದಾರಿ ಚೆನ್ನಾಗಿಯೇ ಇದೆ; ನಿಮ್ಮ ಕೈಗೆ ದಾರಿಯಿಲ್ಲ. ಹಳೆಯ ತೊಟ್ಟಿಯಲ್ಲಿ ನಿಮ್ಮನ್ನು ದಣಿಸಿದ್ದೂ ಬಹುಶಃ ಇದೇ ಇರಬೇಕು. ಸಂಪ್ ಕೊಳೆಯಾಗುವುದನ್ನು ಯಾವ ವಿನ್ಯಾಸವೂ ತಪ್ಪಿಸಲಾರದು, ಏಕೆಂದರೆ ಮೇಲಿನ ತೊಟ್ಟಿಯ ಕೊಳೆಯೆಲ್ಲ ಇಳಿದುಬಂದು ಒಂದೆಡೆ ಸೇರಲಿ ಎಂದೇ ಅದನ್ನು ಇಡುತ್ತೇವೆ. ಹಾಗಾಗಿ ನಕ್ಷೆಯನ್ನು ಮುಂದಿಟ್ಟುಕೊಂಡು ಕೇಳಬೇಕಾದ ಪ್ರಶ್ನೆ ಇಷ್ಟೇ: ವಾರಕ್ಕೊಮ್ಮೆ ಹೊರತೆಗೆಯಬೇಕಾದ ಪ್ರತಿ ವಸ್ತುವನ್ನೂ, ಬೇರೊಂದನ್ನು ಕದಲಿಸದೆ, ಒಂದೇ ಕೈಯಲ್ಲಿ ಎತ್ತಲು ಬರುತ್ತದೆಯೇ? ಬರುವುದಿಲ್ಲವಾದರೆ ಎರಡನೆಯ ತಿಂಗಳಿಂದ ಆ ಕೆಲಸ ಮುಂದಕ್ಕೆ ಹೋಗುತ್ತದೆ, ನಾಲ್ಕನೆಯ ತಿಂಗಳಿಂದ ನಿಂತೇ ಹೋಗುತ್ತದೆ.

ಕೆಲಸ ಆರಂಭಿಸುವ ಮುನ್ನ ಪ್ಲಂಬರ್ ಜೊತೆ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ. ನಮ್ಮ ಊರುಗಳಲ್ಲಿ ಸಂಪ್ ಎಂದರೆ ಅಂಗಳದಡಿಯ ನೀರಿನ ತೊಟ್ಟಿ; ಫೋನಿನಲ್ಲಿ ‘ಸಂಪಿಗೆ ಪೈಪ್ ಹಾಕಬೇಕು’ ಎಂದರೆ ಅವರು ತರುವ ಸಾಮಾನೇ ಬೇರೆ.

ಸಂಪಿಗಿಂತ ಮೊದಲು ಸ್ಟ್ಯಾಂಡನ್ನು ನೋಡೋಣ. ನೀರು, ಕಲ್ಲು, ಗಾಜು ಸೇರಿ ಭಾರ ಒಂದು ಟನ್ ದಾಟುವುದರಿಂದ, ವೆಲ್ಡಿಂಗ್‌ನವರು ಅಭ್ಯಾಸಬಲದಿಂದ ಮುಂಭಾಗದ ನಟ್ಟನಡುವೆ ಒಂದು ಕಾಲು ನಿಲ್ಲಿಸಿಬಿಡುತ್ತಾರೆ. ಆ ಕಾಲು ಇದ್ದರೆ 120 ಸೆಂ.ಮೀ. ಉದ್ದದ ಸಂಪು ಮುಂದಿನಿಂದ ಒಳಗೆ ಹೋಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ. ಮೇಲಿನ ಅಡ್ಡಪಟ್ಟಿಯನ್ನು ಬಲವಾಗಿಸಿ ಮುಂಭಾಗವನ್ನು ಪೂರ್ತಿ ತೆರೆದಿಡಲು ಹೇಳಿ. ಅದು ಸಾಧ್ಯವಾಗದಿದ್ದರೆ, ಪಕ್ಕದಿಂದ ಉದ್ದಕ್ಕೆ ಎಳೆದು ತೆಗೆಯುವಷ್ಟು ಜಾಗವನ್ನು ಕೋಣೆಯಲ್ಲೇ ಬಿಡಿ. ತುಂಬಿದ ತೊಟ್ಟಿಯ ಕೆಳಗಿನಿಂದ ಸಂಪನ್ನು ಒಂದಲ್ಲ ಒಂದು ದಿನ ಹೊರತೆಗೆಯಬೇಕಾಗುತ್ತದೆ ಎಂದೇ ತಿಳಿದು ಕಟ್ಟಿಸಬೇಕು. ಒಳ ಎತ್ತರ 75 ಸೆಂ.ಮೀ.ಗಿಂತ ಕಡಿಮೆಯಾಗದಿರಲಿ. ನೀರಿನ ಕೊಳೆಯನ್ನು ನೊರೆಯಾಗಿಸಿ ಮೇಲಿನ ಕಪ್ಪಿನಲ್ಲಿ ಸೇರಿಸುವ ಸ್ಕಿಮ್ಮರ್ 55 ಸೆಂ.ಮೀ. ಎತ್ತರದ್ದಾದರೆ, ಅದರ ಕಪ್ಪನ್ನು ಕುತ್ತಿಗೆಯಿಂದ ಬಿಡಿಸಿ ಎತ್ತಲು ಇನ್ನೂ 15 ಸೆಂ.ಮೀ. ಬೇಕು. ಅಂಗಡಿಯಲ್ಲಿ ಸ್ಕಿಮ್ಮರ್‌ನ ಎತ್ತರವನ್ನಷ್ಟೇ ಅಳೆದು ಬಂದವರು, ಕಪ್ ತೊಳೆಯಲು ಪ್ರತಿಸಲ ಇಡೀ ಯಂತ್ರವನ್ನೇ ವಾಲಿಸುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಇನ್ನು ಅಳತೆ. ನಿಮ್ಮ ತೊಟ್ಟಿಗೆ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಸಂಪ್ ಸಾಕು. ಇದಕ್ಕಿಂತ ದೊಡ್ಡದನ್ನು ತುರುಕಿದರೆ ಸುತ್ತ ಕೈಯಾಡಿಸಲು ಜಾಗ ಉಳಿಯದು. ಇದರೊಳಗೆ ಆರು ಕೋಣೆಗಳ ಬದಲು ಮೂರನ್ನು ಮಾಡಿಸಿ: ನೀರು ಬೀಳುವ ಕಡೆ, ಕೊಳೆ ಸೋಸುವ ಬಟ್ಟೆಚೀಲಗಳಾದ ಫಿಲ್ಟರ್ ಸಾಕ್‌ಗಳಿಗೆ 20 ಸೆಂ.ಮೀ., ನಡುವೆ ಸ್ಕಿಮ್ಮರ್ ನಿಲ್ಲುವ ತೆರೆದ ಕೋಣೆಗೆ 60 ಸೆಂ.ಮೀ., ಗುಳ್ಳೆ ತಡೆಗೆ 10 ಸೆಂ.ಮೀ. ಬಿಟ್ಟು, ಕೊನೆಗೆ ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪಿಗೆ 30 ಸೆಂ.ಮೀ. ನಡುಕೋಣೆಯ ಕೊನೆಯ ಗಾಜಿನ ಎತ್ತರ 24 ಸೆಂ.ಮೀ. ಇದ್ದರೆ ಅಲ್ಲಿನ ನೀರಿನ ಮಟ್ಟ ಯಾವಾಗಲೂ ಅಷ್ಟೇ ನಿಲ್ಲುತ್ತದೆ. ಸ್ಕಿಮ್ಮರ್ ಚೆನ್ನಾಗಿ ಕೆಲಸ ಮಾಡುವುದು ಮಟ್ಟ ಏರಿಳಿಯದಿದ್ದಾಗ ಮಾತ್ರ. ನೀವು ಕೊಳ್ಳುವ ಸ್ಕಿಮ್ಮರ್ ಕೇಳುವ ಆಳ ಇದಕ್ಕಿಂತ ಕಡಿಮೆಯಿದ್ದರೆ ಕೆಳಗೆ ಒಂದು ಪೀಠ ಕೊಡಿ.

ಕರೆಂಟ್ ಹೋದಾಗ ಏನಾಗುತ್ತದೆ ಎಂಬ ಲೆಕ್ಕವನ್ನು ಕಾಗದದ ಮೇಲೆ ಮಾಡಿಯೇ ಗಾಜು ಕತ್ತರಿಸಲು ಹೇಳಬೇಕು. ನಿಮ್ಮ ಮೇಲಿನ ತೊಟ್ಟಿಯ ಹರವು ಎಷ್ಟಿದೆಯೆಂದರೆ, ಅದರ ಮಟ್ಟ ಒಂದು ಸೆಂ.ಮೀ. ಇಳಿದರೆ 13.5 ಲೀಟರ್ ಕೆಳಗೆ ಬರುತ್ತದೆ. ಪಂಪಿನ ನೀರು ಮೇಲಿನ ತೊಟ್ಟಿಗೆ ಬೀಳುವ ರಿಟರ್ನ್ ನಳಿಕೆಯ ಬಾಯಿಯನ್ನೂ (ಪಂಪ್ ನಿಂತಾಗ ಅದು ಗಾಳಿಗೆ ತೆರೆಯುವವರೆಗೂ ನೀರು ಹಿಂದಕ್ಕೆ ಇಳಿಯುತ್ತದೆ), ಮೇಲ್ನೀರು ಉಕ್ಕಿ ಸಂಪಿಗೆ ಇಳಿಯುವ ಓವರ್‌ಫ್ಲೋ ಅಂಚನ್ನೂ ಲೆಕ್ಕಕ್ಕೆ ಹಿಡಿದು 3 ಸೆಂ.ಮೀ. ಇಳಿಯುತ್ತದೆ ಎಂದುಕೊಂಡರೆ 40 ಲೀಟರ್, ಓವರ್‌ಫ್ಲೋ ಪೆಟ್ಟಿಗೆ ಮತ್ತು ಪೈಪುಗಳದು ಇನ್ನೊಂದು 10, ಒಟ್ಟು 50 ಲೀಟರ್. ಸಂಪಿನಲ್ಲಿ ಒಂದು ಸೆಂ.ಮೀ. ಎಂದರೆ 5.4 ಲೀಟರ್ ಆದ್ದರಿಂದ ನೀರು ಸುಮಾರು 33 ಸೆಂ.ಮೀ. ತನಕ ಏರಿ ನಿಲ್ಲುತ್ತದೆ. ಅಂಚಿಗೆ ಇನ್ನೂ 7 ಸೆಂ.ಮೀ. ಉಳಿಯುತ್ತದೆ. ನಳಿಕೆಯನ್ನು 10 ಸೆಂ.ಮೀ. ಆಳದಲ್ಲಿ ಇಟ್ಟಿದ್ದರೆ ಇದೇ ಸಂಪ್ ಉಕ್ಕಿ ಹಾಲ್ ತುಂಬುತ್ತಿತ್ತು. ನೀರು ಹಿಂದಕ್ಕೆ ಬರದಂತೆ ಚೆಕ್ ವಾಲ್ವ್ ಹಾಕುತ್ತೇನೆ ಎಂದು ಯಾರಾದರೂ ಹೇಳಿದರೆ ಹಾಕಲಿ, ಆದರೆ ಲೆಕ್ಕದಲ್ಲಿ ಅದು ಇಲ್ಲವೆಂದೇ ಇಟ್ಟುಕೊಳ್ಳಿ. ಸಮುದ್ರದ ನೀರಿನಲ್ಲಿ ಅದರ ಒಳಬಾಗಿಲಿನ ಮೇಲೆ ಸುಣ್ಣ ಕಟ್ಟುತ್ತದೆ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ನೀರು ಹಿಂದಕ್ಕೆ ಇಳಿಯುವುದನ್ನು ನಿಲ್ಲಿಸಲೆಂದು ನಳಿಕೆಗೆ ಕೊರೆದ ಗಾಳಿರಂಧ್ರದ ಕಥೆಯೂ ಅದೇ.

ತಿರುಗಿಸಿದ ಲೆಕ್ಕವೂ ಒಂದಿದೆ. ಓವರ್‌ಫ್ಲೋ ಕಟ್ಟಿಕೊಂಡು ಪಂಪ್ ಮಾತ್ರ ಓಡುತ್ತಿದ್ದರೆ, ರಿಟರ್ನ್ ಕೋಣೆಯ ನೀರೆಲ್ಲ ಮೇಲಕ್ಕೆ ಹೋಗುತ್ತದೆ. ಆ ಕೋಣೆಯಲ್ಲಿ 20 ಸೆಂ.ಮೀ. ಮಟ್ಟವಿದ್ದು, 6 ಸೆಂ.ಮೀ.ನಲ್ಲಿ ಪಂಪ್ ಗಾಳಿ ಎಳೆಯತೊಡಗುತ್ತದೆ ಎಂದುಕೊಂಡರೆ, ಮೇಲೇರುವುದು 19 ಲೀಟರ್; ಮೇಲಿನ ಮಟ್ಟ 1.4 ಸೆಂ.ಮೀ. ಏರುತ್ತದೆ. ಅಷ್ಟು ಅಂಚು ಮೇಲೆ ಬಿಟ್ಟಿದ್ದರೆ ನೆಲ ಒಣಗಿಯೇ ಇರುತ್ತದೆ. ರಿಟರ್ನ್ ಕೋಣೆಯನ್ನು ಚಿಕ್ಕದಾಗಿಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಆದರೆ ಚಿಕ್ಕ ಕೋಣೆಗೆ ತಕ್ಕ ಬೆಲೆಯೂ ಇದೆ. ಆವಿಯಾದ ನೀರಿನ ಕೊರತೆಯೆಲ್ಲ ಆ ಕೋಣೆಯಲ್ಲೇ ಕಾಣುತ್ತದೆ: ಬೇಸಿಗೆಯಲ್ಲಿ ಫ್ಯಾನ್ ಹಾಕಿ ದಿನಕ್ಕೆ 8 ಲೀಟರ್ ಆವಿಯಾದರೆ ಮಟ್ಟ 6 ಸೆಂ.ಮೀ. ಬೀಳುತ್ತದೆ. ಆದ್ದರಿಂದ ತಾನೇ ನೀರು ತುಂಬುವ ಆಟೋ ಟಾಪ್-ಆಫ್ ಇಲ್ಲದೆ ಈ ವಿನ್ಯಾಸ ನಡೆಯದು. ಅದರ ಸಿಹಿನೀರಿನ ತೊಟ್ಟಿಯನ್ನು 30 ಲೀಟರಿಗೆ ಮಿತಿಗೊಳಿಸಿ. ಸೆನ್ಸರ್ ಕೈಕೊಟ್ಟು ಪೂರ್ತಿ 30 ಲೀಟರ್ ಸುರಿದು, ಅದೇ ರಾತ್ರಿ ಕರೆಂಟೂ ಹೋದರೆ ಸಂಪಿನ ಮಟ್ಟ 38 ಸೆಂ.ಮೀ. ಮುಟ್ಟುತ್ತದೆ, ಉಕ್ಕುವುದಿಲ್ಲ, ಒಟ್ಟು 800 ಲೀಟರ್ ನೀರಿನಲ್ಲಿ ಲವಣಾಂಶ ಸಾವಿರಕ್ಕೆ 35ರಿಂದ 33.7ಕ್ಕೆ ಇಳಿಯುತ್ತದೆ, ಹವಳ ಅದನ್ನು ತಡೆದುಕೊಳ್ಳುತ್ತದೆ. ವಾರಕ್ಕಾಗುವಷ್ಟು ನೀರು ಒಮ್ಮೆಗೇ ಇರಲಿ ಎಂದು ನೂರು ಲೀಟರಿನ ಡ್ರಮ್ಮಿಗೆ ಪಂಪ್ ಜೋಡಿಸುವುದು ಅನುಕೂಲವೆಂದು ತೋರುತ್ತದೆ; ತಪ್ಪಾದ ದಿನ ಅದು ಇಡೀ ತೊಟ್ಟಿಯನ್ನೇ ಬಲಿ ತೆಗೆದುಕೊಳ್ಳಬಹುದು. ಇಲ್ಲಿ ಬಳಸುವ ನೀರು ಅಡುಗೆಮನೆಯ ಆರ್‌ಓ ಯಂತ್ರದ್ದಾಗಬಾರದು, ಏಕೆಂದರೆ ಅಂಥ ಹಲವು ಯಂತ್ರಗಳು ರುಚಿಗಾಗಿ ಸ್ವಲ್ಪ ಕಚ್ಚಾ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುತ್ತವೆ. ಆರ್‌ಓ ಆದಮೇಲೆ ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರಾಳದ ಮೂಲಕ ಹಾಯ್ದು ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಸೊನ್ನೆ ತೋರಿಸುವ ನೀರೇ ಬೇಕು.

ಈಗ ಗುಳ್ಳೆ ತಡೆಯುವ ಅಡ್ಡಗಾಜುಗಳ ವಿಷಯ. 2.5 ಸೆಂ.ಮೀ. ಅಂತರದಲ್ಲಿ ಮೂರು ಗಾಜುಗಳನ್ನು ಅಂಟಿಸುವುದು ಹಳೆಯ ರೂಢಿ, ನನ್ನ ಮೊದಲ ಸಂಪಿನಲ್ಲಿಯೂ ಹಾಗೆಯೇ ಇತ್ತು. ಗುಳ್ಳೆ ನಿಂತವು. ಎಂಟು ತಿಂಗಳಲ್ಲಿ ಆ ಸಂದಿನ ತಳದಲ್ಲಿ ಎರಡು ಬೆರಳಿನಷ್ಟು ಹೂಳು ಕೂತಿತು, ಒಂದು ಬಸವನಹುಳು ಅದರೊಳಗೆ ಹೋಗಿ ಸತ್ತಿತು. ಕೋಲಿಗೆ ಕಟ್ಟಿದ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿದಾಗ ಮೊಟ್ಟೆ ಕೊಳೆತಂಥ ವಾಸನೆ ಮನೆ ತುಂಬಿತು. ಆಮೇಲಿನ ಯಾವ ಸಂಪಿನಲ್ಲೂ ನಾನು ಅಂಗೈ ಹೋಗದ ಸಂದು ಬಿಟ್ಟಿಲ್ಲ. ನಿಮ್ಮದರಲ್ಲಿ ಎರಡೇ ತಡೆ ಸಾಕು: ಮೊದಲನೆಯದು ತಳದಿಂದ 6 ಸೆಂ.ಮೀ. ಮೇಲೆ ನಿಂತು ಗುಳ್ಳೆಗಳನ್ನು ನಡುಕೋಣೆಯಲ್ಲೇ ತಡೆದು ನೀರನ್ನು ಅಡಿಯಿಂದ ಬಿಡುವುದು, 10 ಸೆಂ.ಮೀ. ಆಚೆಗೆ ಎರಡನೆಯದು, ಆಗಲೇ ಹೇಳಿದ 24 ಸೆಂ.ಮೀ. ಗಾಜು. ಇವುಗಳಲ್ಲಿ ನೀರು ಸೋರದಂತೆ ಅಂಟಿಸಬೇಕಾದದ್ದು ಎರಡನೆಯದನ್ನು ಮಾತ್ರ. ಮೊದಲನೆಯದು ಸ್ವಲ್ಪ ಸೋರಿದರೂ ನಷ್ಟವಿಲ್ಲದ್ದರಿಂದ, ಎರಡೂ ಬದಿಗೆ ಗಾಜಿನ ಪಟ್ಟಿಗಳ ಜಾಡು ಮಾಡಿಸಿ ಅಕ್ರಿಲಿಕ್ ಹಲಗೆಯೊಂದನ್ನು ಮೇಲಿನಿಂದ ಇಳಿಸಿ. ತೊಳೆಯುವಾಗ ಎಳೆದು ತೆಗೆದರೆ ಎಲ್ಲವೂ ಬಯಲು. ಅಂಟಿಸಬೇಕಾದ ತಡೆಗೆ ಮಾತ್ರ ಗಾಜನ್ನೇ ಬಳಸಲಿ, ಸಿಲಿಕೋನ್ ಅಕ್ರಿಲಿಕ್ಕನ್ನು ಭದ್ರವಾಗಿ ಹಿಡಿಯುವುದಿಲ್ಲ.

ಪಾಚಿ ಕೋಣೆ, ಮರಳಿನ ಕೋಣೆ ಎರಡನ್ನೂ ಕೈಬಿಡಿ. 1980ರ ದಶಕದಲ್ಲಿ ಸಂಪಿನ ತುಂಬ, ಬ್ಯಾಕ್ಟೀರಿಯಾ ಬೆಳೆಯಲೆಂದು ಪ್ಲಾಸ್ಟಿಕ್ ಉಂಡೆಗಳಾದ ಬಯೋ-ಬಾಲ್‌ಗಳನ್ನು ಸುರಿಯುತ್ತಿದ್ದರು. ಅವುಗಳ ನಡುವೆ ಕೊಳೆ ಸಿಕ್ಕಿ ನೈಟ್ರೇಟ್ ಏರುವುದನ್ನು ಕಂಡು ಹವಳ ಸಾಕುವವರು ಅದನ್ನು ಬಿಟ್ಟರು. ಸಂಪಿನಲ್ಲಿ ಮರಳು ಹಾಸುವುದು, ಕಲ್ಲಿನ ಚೂರು ತುಂಬುವುದು ಅದೇ ತಪ್ಪಿನ ಇನ್ನೊಂದು ರೂಪ. ಬ್ಯಾಕ್ಟೀರಿಯಾಕ್ಕೆ ಬೇಕಾದ ಮೇಲ್ಮೈ ಮೇಲಿನ ತೊಟ್ಟಿಯ ಕಲ್ಲಿನಲ್ಲೇ ಸಾಕಷ್ಟಿದೆ. ಕೀಟೋಮಾರ್ಫಾ ಪಾಚಿ ನೈಟ್ರೇಟ್ ಮತ್ತು ಫಾಸ್ಫೇಟ್ ಹೀರುವುದು ನಿಜ, ರಾತ್ರಿ ಹೊತ್ತು ಅದಕ್ಕೆ ದೀಪ ಹಾಕಿದರೆ ಪಿಎಚ್ ಬೀಳುವುದೂ ಕಡಿಮೆಯಾಗುತ್ತದೆ. ಆದರೆ ಅದನ್ನು ಆಗಾಗ ಕೊಯ್ಯಬೇಕು, ಅದರ ಎಳೆಗಳು ಪಂಪಿಗೆ ಸುತ್ತಿಕೊಳ್ಳುತ್ತವೆ, ದೀಪದ ಬೆಳಕು ಚೆಲ್ಲಿದಲ್ಲೆಲ್ಲ ಬೇಡದ ಪಾಚಿ ಹತ್ತುತ್ತದೆ. ವಾರಕ್ಕೆ ಒಂದೇ ಗಂಟೆಯಿರುವವರಿಗೆ ಇದು ಮೊದಲ ವರ್ಷದ ಕೆಲಸವಲ್ಲ. ನಡುಕೋಣೆಯಲ್ಲಿ ಸ್ಕಿಮ್ಮರ್ ಪಕ್ಕದ ಜಾಗ ಖಾಲಿಯೇ ಇರಲಿ. ಮುಂದೆ ಬೇಕೆನಿಸಿದರೆ ಒಂದು ಜಾಲರಿ ಬುಟ್ಟಿಯಲ್ಲಿ ಪಾಚಿ ಇಡಬಹುದು, ಬುಟ್ಟಿಯನ್ನು ಎತ್ತಿದರೆ ಜಾಗ ಮತ್ತೆ ಖಾಲಿ.

ಫಿಲ್ಟರ್ ಸಾಕ್ ವಿಷಯದಲ್ಲಿ ನಿಮ್ಮೊಡನೆ ನೀವೇ ಪ್ರಾಮಾಣಿಕರಾಗಿರಬೇಕು. 200 ಮೈಕ್ರಾನ್ ಸಾಕ್ ಮೂರು ನಾಲ್ಕು ದಿನಕ್ಕೆ ಕಟ್ಟಿಕೊಳ್ಳುತ್ತದೆ. ವಾರಕ್ಕೆರಡು ಸಲ ಬದಲಾಯಿಸುವುದಾದರೆ ಹನ್ನೆರಡು ಸಾಕ್ ಇಟ್ಟುಕೊಂಡು, ಕೊಳೆಯಾದವನ್ನು ಒಟ್ಟುಗೂಡಿಸಿ ಸೋಪು ಹಾಕದೆ ವಾಷಿಂಗ್ ಮೆಷಿನ್ನಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕುವುದು ಸುಲಭ. ಅದು ಆಗದು ಎನಿಸಿದರೆ, ಬಟ್ಟೆಯ ಸುರುಳಿ ತಾನೇ ಮುಂದಕ್ಕೆ ಸರಿಯುವ ಫಿಲ್ಟರ್ ರೋಲರ್ ಕೊಳ್ಳಿ. ಬೆಲೆ ಹೆಚ್ಚು, ಆದರೆ ನಿಮ್ಮ ಸಮಯದ ಮಿತಿಯನ್ನು ನೋಡಿದರೆ ಬೇರೆ ಯಾವ ಸಾಧನಕ್ಕಿಂತಲೂ ಮೊದಲು ನಾನು ಹಣ ಹಾಕುವುದು ಅದಕ್ಕೆ. ಎರಡರಲ್ಲಿ ಯಾವುದಾದರೂ ಕೂರುವಂತೆ ಮೊದಲ ಕೋಣೆಯ ಅಳತೆಯನ್ನು ಯಂತ್ರ ಕೊಂಡ ಮೇಲೆಯೇ ಅಂತಿಮಗೊಳಿಸಿ. ಸಾಕ್ ಹಿಡಿಯುವ ಹಲಗೆ ಸಂಪಿನ ಅಂಚಿಗಿಂತ 4–5 ಸೆಂ.ಮೀ. ಕೆಳಗಿರಬೇಕು, ಆಗ ಕಟ್ಟಿಕೊಂಡ ಸಾಕ್‌ನ ನೀರು ಉಕ್ಕಿದರೂ ನಡುಕೋಣೆಗೇ ಬೀಳುತ್ತದೆ, ಹೊರಗೆ ಬೀಳುವುದಿಲ್ಲ.

ಕೆಳಗಿಳಿಯುವ ಪೈಪುಗಳು ಮೂರಿರಲಿ. ಹವ್ಯಾಸಿಗಳು ಇದನ್ನು ಬೀನ್ ಅನಿಮಲ್ ಪದ್ಧತಿ ಎನ್ನುತ್ತಾರೆ. ಒಂದರಲ್ಲಿ ಗಾಳಿಯಿಲ್ಲದೆ ಪೂರ್ತಿ ನೀರು ಸೈಫನ್ ಆಗಿ ಇಳಿಯುತ್ತದೆ, ಅದನ್ನು ಗೇಟ್ ವಾಲ್ವಿನಿಂದ ಹೊಂದಿಸುತ್ತೇವೆ. ಎರಡನೆಯದರಲ್ಲಿ ಉಳಿದ ಚೂರು ನೀರು ತೆಳುವಾಗಿ ಹರಿಯುತ್ತದೆ. ಮೂರನೆಯದು ಸದಾ ಒಣಗಿದ್ದು, ಮೊದಲೆರಡು ಕಟ್ಟಿಕೊಂಡ ದಿನ ಮಾತ್ರ ಕೆಲಸಕ್ಕೆ ಬರುತ್ತದೆ. ಸೈಫನ್ ಪೈಪಿನ ತುದಿ ಸಂಪಿನ ನೀರಿನಲ್ಲಿ 2–3 ಸೆಂ.ಮೀ. ಮಾತ್ರ ಮುಳುಗಿರಬೇಕು, ಹೆಚ್ಚು ಮುಳುಗಿದರೆ ಕರೆಂಟ್ ಬಂದಮೇಲೆ ಒಳಗಿನ ಗಾಳಿ ಹೊರಬೀಳದೆ ಸೈಫನ್ ಮತ್ತೆ ಶುರುವಾಗುವುದಿಲ್ಲ. ಮೂರನೆಯದರ ತುದಿ ನೀರಿನಿಂದ ಮೇಲಿರಲಿ, ಅದರಲ್ಲಿ ನೀರು ಬಿದ್ದರೆ ಸದ್ದಾಗಬೇಕು. ಆ ಸದ್ದೇ ನಿಮಗೆ ಕರೆಗಂಟೆ. ತೊಟ್ಟಿಯ ನೀರು ಗಂಟೆಗೆ ನಾಲ್ಕು ಸಲ, ಅಂದರೆ 3,200 ಲೀಟರಿನಷ್ಟು ಸಂಪಿನ ಮೂಲಕ ಹಾಯ್ದರೆ ಧಾರಾಳವಾಯಿತು. ಹವಳಕ್ಕೆ ಬೇಕಾದ ರಭಸವನ್ನು ಮೇಲಿನ ಅಲೆ ಪಂಪುಗಳು ಕೊಡುತ್ತವೆ. ಅಷ್ಟು ನೀರಿಗೆ 40 ಮಿ.ಮೀ. ಪಿವಿಸಿ ಪೈಪ್ ಆರಾಮವಾಗಿ ಸಾಕು. ಗಾಜು ಕೊರೆಯುವ ಮುನ್ನ, ಆ ತೂತಿಗೆ ಪೈಪ್ ಕೂರಿಸುವ ಟ್ಯಾಂಕ್ ನಿಪ್ಪಲ್‌ಗಳನ್ನು ಕೊಂಡು ಕೈಯಲ್ಲಿಟ್ಟುಕೊಳ್ಳಿ. ಇಂಚಿನ ಅಳತೆಯ ಆಮದು ಸಾಮಾನು ನಮ್ಮ ಮಿ.ಮೀ. ಪೈಪಿಗೆ ಕೂರುವುದಿಲ್ಲ. ಟಫನ್ ಮಾಡಿದ ಗಾಜನ್ನು ಆಮೇಲೆ ಕೊರೆಯಲು ಬರುವುದಿಲ್ಲ ಎಂಬುದೂ ನೆನಪಿರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಕೇಳಿದರೆ ಮೊದಲು ಕೊಡುವುದು ಹಿತ್ತಾಳೆಯದನ್ನು. ಅದರ ತಾಮ್ರ ಸೀಗಡಿ, ಬಸವನಹುಳು, ಹವಳ ಎಲ್ಲಕ್ಕೂ ವಿಷವಾದ್ದರಿಂದ ಪಿವಿಸಿಯದನ್ನೇ ಹುಡುಕಿ ತನ್ನಿ, ಸ್ಟ್ಯಾಂಡಿನ ಬಾಗಿಲು ತೆರೆದೊಡನೆ ಕೈಗೆ ಸಿಗುವ ಕಡೆ ಕೂರಿಸಿ.

ನೀರು ಬದಲಾಯಿಸುವ ಕೆಲಸವನ್ನು ರಿಟರ್ನ್ ಪಂಪೇ ಮಾಡಲಿ. ಪಂಪಿನಿಂದ ಮೇಲಕ್ಕೆ ಹೋಗುವ ಪೈಪಿನಲ್ಲಿ ಒಂದು ಟೀ ಹಾಕಿ, ಎರಡೂ ಕವಲಿಗೆ ವಾಲ್ವ್ ಕೊಟ್ಟು, ಒಂದಕ್ಕೆ ಬಚ್ಚಲಿಗೆ ಹೋಗುವ ಹೋಸ್ ಪೈಪ್ ಜೋಡಿಸಿ. ಪಂಪ್ ನಿಲ್ಲಿಸಿದಾಗ ಮೇಲಿನ 50 ಲೀಟರ್ ತಾನೇ ಇಳಿಯುತ್ತದೆ. ಮೇಲಿನ ವಾಲ್ವ್ ಮುಚ್ಚಿ, ಬಚ್ಚಲಿನದನ್ನು ತೆರೆದು ಪಂಪ್ ಹಾಕಿದರೆ ಆ ನೀರೂ ರಿಟರ್ನ್ ಕೋಣೆಯ 19 ಲೀಟರೂ ಸೇರಿ ಸುಮಾರು 70 ಲೀಟರ್ ಹೊರಹೋಗುತ್ತದೆ. ಅದು ಒಟ್ಟು ನೀರಿನ ಶೇ. 8ಕ್ಕಿಂತ ಹೆಚ್ಚು. ಅಷ್ಟೇ ಪ್ರಮಾಣದ, ಅದೇ ಲವಣಾಂಶದ, ಅದೇ ಉಷ್ಣತೆಯ ಹೊಸ ಉಪ್ಪುನೀರನ್ನು ಸಂಪಿಗೆ ತುಂಬಿ ವಾಲ್ವ್‌ಗಳನ್ನು ಮೊದಲಿನಂತೆ ತಿರುಗಿಸಿದರೆ ಮುಗಿಯಿತು, ಒಂದು ಹವಳವೂ ಗಾಳಿಗೆ ಬೀಳುವುದಿಲ್ಲ, ನಿಮ್ಮ ಕೈಯೂ ನೆನೆಯುವುದಿಲ್ಲ. ಆ ಹೊತ್ತಿನಲ್ಲಿ ಟಾಪ್-ಆಫ್ ಚಾಲೂ ಇದ್ದರೆ ಅದು ಮಟ್ಟ ಇಳಿಯಿತೆಂದು ಸಿಹಿನೀರು ಸುರಿಯತೊಡಗುತ್ತದೆ. ಅದಕ್ಕಾಗಿ ಟಾಪ್-ಆಫ್ ಮತ್ತು ಸ್ಕಿಮ್ಮರ್ ಎರಡನ್ನೂ ಒಟ್ಟಿಗೆ ಆರಿಸುವ ಒಂದೇ ಸ್ವಿಚ್ ಇರಬೇಕು. ಮಟ್ಟ ಏರಿರುವಾಗ ಸ್ಕಿಮ್ಮರ್ ಹಾಕಿದರೆ ನೊರೆ ಉಕ್ಕಿ ಕಪ್ಪಿನ ಕೊಳೆಯೆಲ್ಲ ವಾಪಸ್ ನೀರಿಗೆ ಬರುತ್ತದೆ, ಹಾಗಾಗಿ ಕರೆಂಟ್ ಬಂದ ಮೇಲೂ ಅದು ಹತ್ತು ಹದಿನೈದು ನಿಮಿಷ ತಡವಾಗಿ ಶುರುವಾಗುವಂತೆ ಟೈಮರ್ ಜೋಡಿಸಿ. ನಡುಕೋಣೆಯ ತಳದ ಹೂಳನ್ನು ತಿಂಗಳಿಗೊಮ್ಮೆ ಹೋಸಿನಿಂದ ಎಳೆದು ತೆಗೆದರೆ ಸಾಕು. ಸ್ಕಿಮ್ಮರ್ ಸುತ್ತ ನಾಲ್ಕೂ ಕಡೆ ನಾಲ್ಕು ಬೆರಳಿನಷ್ಟು ಜಾಗವಿದ್ದರೆ ಅದು ಐದು ನಿಮಿಷದ ಕೆಲಸ.

ಪಂಪಿನ ಎರಡೂ ಕಡೆಯ ಜೋಡಣೆಗೆ ತಿರುಗಿಸಿ ಬಿಚ್ಚಬಹುದಾದ ಯೂನಿಯನ್ ಅಥವಾ ಮೆದು ಸಿಲಿಕೋನ್ ಹೋಸ್ ಇರಲಿ, ಅಂಟು ಬೇಡ. ಮೂರು ತಿಂಗಳಿಗೊಮ್ಮೆ ಪಂಪನ್ನು ಬಿಚ್ಚಿ ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ಸುಣ್ಣ ಬಿಡಿಸಬೇಕು. ಎರಡು ಪಂಪ್ ಒಟ್ಟಿಗೆ ಓಡಿಸುವವರಿದ್ದಾರೆ. ನನಗೆ ಒಂದು ಓಡುತ್ತಾ, ಅದೇ ಮಾದರಿಯ ಇನ್ನೊಂದು ಕಪಾಟಿನಲ್ಲಿ ಸಿದ್ಧವಾಗಿರುವುದು ಹೆಚ್ಚು ಒಪ್ಪಿಗೆ, ಏಕೆಂದರೆ ಒಂದು ನೆನೆಯುವಾಗ ಇನ್ನೊಂದು ಕೆಲಸಕ್ಕೆ ಇಳಿಯುತ್ತದೆ.

ವಿದ್ಯುತ್ ಸಾಮಾನು ಯಾವುದೂ ಸಂಪಿನ ನೇರ ಮೇಲೆ ಇರಬಾರದು. ಅಲ್ಲಿನ ಆವಿಗೆ ಉಪ್ಪು ಹತ್ತಿ ಪ್ಲಗ್ಗುಗಳು ಆರು ತಿಂಗಳಲ್ಲಿ ಹಸಿರುಗಟ್ಟುತ್ತವೆ. ಸ್ಟ್ಯಾಂಡಿನ ಹೊರಬದಿಗೆ ಒಂದು ಪೆಟ್ಟಿಗೆ ಮಾಡಿಸಿ, ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಬರುವಂತೆ ಬಿಟ್ಟು, ಇಡೀ ಲೈನಿಗೆ, ವಿದ್ಯುತ್ ಸೋರಿದೊಡನೆ ಅದನ್ನು ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಇನ್ವರ್ಟರ್ ಸೈನ್ ವೇವ್ ಮಾದರಿಯದಾಗಿರಲಿ, ಚೌಕ ಅಲೆಯದರಲ್ಲಿ ಎಸಿ ಪಂಪು ಗುಂಯ್‌ಗುಡುತ್ತಾ ಬಿಸಿಯೇರುತ್ತದೆ. ನೀರು ತಂಪು ಮಾಡುವ ಚಿಲ್ಲರ್ ಸ್ಟ್ಯಾಂಡಿನ ಹೊರಗೇ ನಿಲ್ಲಬೇಕು. ಒಳಗಿಟ್ಟರೆ ತಾನು ಹೊರಹಾಕಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾ ದಿನವಿಡೀ ಓಡುತ್ತದೆ. ಮೈಸೂರಿನ ಒಣ ಬೇಸಿಗೆಯಲ್ಲಿ ನೀರಿನ ಮೇಲೆ ಬೀಸುವ ಫ್ಯಾನೇ ಬಹಳಷ್ಟು ಕೆಲಸ ಮಾಡುತ್ತದೆ, ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟು ಮಾಡುವುದಿಲ್ಲ. ಆದ್ದರಿಂದ ಒಂದು ಬೇಸಿಗೆ ನೋಡಿಯೇ ಚಿಲ್ಲರ್ ಕೊಳ್ಳುವ ಮಾತು ಯೋಚಿಸಬಹುದು.

ಎಲ್ಲ ಜೋಡಿಸಿದ ಮೇಲೆ ಉಪ್ಪು ಹಾಕುವ ಮುನ್ನ ಬರೀ ನಲ್ಲಿ ನೀರು ತುಂಬಿ ಎರಡು ದಿನ ಓಡಿಸಿ. ಮೇನ್ ಸ್ವಿಚ್ಚನ್ನು ಆರಿಸಿ, ನೀರು ಇಳಿದು ನಿಂತ ಮಟ್ಟಕ್ಕೆ ಸಂಪಿನ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಮತ್ತೆ ಹಾಕಿ ಸೈಫನ್ ತಾನಾಗಿ ಶುರುವಾಗುತ್ತದೆಯೇ ನೋಡಿ. ಇದನ್ನು ನಾಲ್ಕೈದು ಸಲ ಮಾಡಿ, ಒಮ್ಮೆ ಸೈಫನ್ ವಾಲ್ವನ್ನು ಪೂರ್ತಿ ಮುಚ್ಚಿ ಉಳಿದೆರಡು ಪೈಪುಗಳು ನೀರನ್ನು ತಾಳುತ್ತವೆಯೇ ಎಂದೂ ಪರೀಕ್ಷಿಸಿ. ಕೊನೆಗೆ ಪಂಪ್ ಓಡುತ್ತಿರುವಾಗ ರಿಟರ್ನ್ ಕೋಣೆಯಲ್ಲಿ ಇರಬೇಕಾದ ಮಟ್ಟಕ್ಕೆ ಇನ್ನೊಂದು ಗೆರೆ ಎಳೆದು, ಪಕ್ಕದಲ್ಲಿ ‘ಇದಕ್ಕಿಂತ ಮೇಲೆ ತುಂಬಬೇಡಿ’ ಎಂದು ಬರೆಯಿರಿ, ನೀವು ಊರಿನಲ್ಲಿಲ್ಲದ ದಿನ ನೀರು ಹಾಕುವವರು ಮನೆಯ ಬೇರೆ ಯಾರೋ ಆಗಿರುತ್ತಾರೆ.